ಹೇಳಲು ನಾಚಿದ ರೇಟು

ತನಗೆ ಅಂಕಿಗಳ ಭಯವಿಲ್ಲ, ಅವನ್ನು ಬಾಯಿಬಿಟ್ಟು ಹೇಳುವ ಭಯ ಎಂದು ಅವಳು ಆ ಬೆಳಿಗ್ಗೆ ಹಲ್ಲುಜ್ಜುತ್ತ ಕನ್ನಡಿಯ ಮುಂದೆ ಒಪ್ಪಿಕೊಂಡಳು. ಹೇಳಿಕೊಳ್ಳಲು ವಾಣಿಜ್ಯದ ಪದವೀಧರೆ. ಬೆಲೆ ನಿಗದಿಯ ಬಗ್ಗೆ ಪರೀಕ್ಷೆಯಲ್ಲಿ ಪುಟಗಟ್ಟಲೆ ಗೀಚಿದವಳು. ಆದರೂ ಸೋದರಮಾವನ ಸೈಕಲ್ ಅಂಗಡಿಯಲ್ಲಿ ಟ್ಯೂಬಿನ ರೇಟು ಹೇಳಲು ಹೋದರೆ ನಾಲಿಗೆ ಅಂಗುಳಕ್ಕೆ ಅಂಟಿಕೊಳ್ಳುತ್ತಿತ್ತು.

ಅಂಗಡಿಯ ನಿಯಮ ಒಂದೇ: ರೇಟು ಹೇಳಿ ಒಪ್ಪಿಸದೆ ಸ್ಪ್ಯಾನರ್ ಮುಟ್ಟುವಂತಿಲ್ಲ, ಹೇಳಿದ ಮೇಲೆ ಒಂದು ಕಾಸೂ ಏರಿಸುವಂತಿಲ್ಲ. ಮಾವ ಸೈಕಲ್ ಪರೀಕ್ಷಿಸಿ ಅವಳ ಕಿವಿಯಲ್ಲಿ ಉಸುರಬೇಕು, ಅವಳು ಗಿರಾಕಿಗೆ ಹೇಳಬೇಕು. ಮಗಳಿಗೆ ಬಾಯಿ ಬರಲಿ ಎಂದು ಅಮ್ಮನೇ ಹಚ್ಚಿದ ಕೆಲಸ. ಆದರೆ ಗಿರಾಕಿಯ ಹುಬ್ಬು ಚೂರು ಮೇಲೇರಿದರೆ ಸಾಕು, ಇವಳೇ ಅವರ ಪರವಾಗಿ ಮನಸ್ಸಿನಲ್ಲೇ ಚೌಕಾಸಿ ಮಾಡಿ, ತಾನೇ ಸೋತು, ರೇಟು ಇಳಿಸಿಬಿಡುತ್ತಿದ್ದಳು. ಮಾವ ಹಲ್ಲು ಕಚ್ಚಿಕೊಂಡು ಅಷ್ಟಕ್ಕೇ ಕೆಲಸ ಮುಗಿಸುತ್ತಿದ್ದ.

"ಹೀಗೇ ದಾನ ಮಾಡ್ತಾ ಇರು ಪುಟ್ಟಿ," ಎಂದಿದ್ದ ನಿನ್ನೆ. "ಮುಂದಿನ ತಿಂಗಳು ಬಾಡಿಗೆ ಕಟ್ಟೋಕೆ ಗಾಳಿ ಪಂಪ್ ಮಾರೋಣ. ಆಮೇಲೆ ಬಾಯಲ್ಲಿ ಊದೋ ಕೆಲಸ ನಿಂದು."

ಆ ಬೆಳಿಗ್ಗೆ ಹಾಲು ಹಾಕುವ ಹೆಂಗಸು ಅಂಗಡಿಯ ಮುಂದೆ ಸೈಕಲ್ ನಿಲ್ಲಿಸಿ ಕ್ಯಾನು ಇಳಿಸಿದಳು. ಹಿಂದಿನ ಚಕ್ರ ಕುಡುಕನ ಹಾಗೆ ತೂರಾಡುತ್ತಿತ್ತು. ಮಾವ ತಿರುಗಿಸಿ ನೋಡಿ, ಆಕ್ಸಲ್, ಬೇರಿಂಗ್ ಎರಡೂ ಹೋಗಿವೆ, ನಾನೂರ ಐವತ್ತು ಎಂದು ಕಿವಿಯಲ್ಲಿ ಉಸುರಿದ.

"ಅಕ್ಕ... ಮುನ್ನೂರು," ಎಂದಳು. ಈ ಸಲ ಹುಬ್ಬು ಏರುವವರೆಗೂ ಕಾಯಲಿಲ್ಲ.

ಹಾಲಿನವಳು ಖುಷಿಪಡಲಿಲ್ಲ. "ಮುನ್ನೂರಾ? ಆಚೆ ಬೀದೀಲಿ ಐನೂರು ಅಂದ್ರಲ್ಲ. ಯಾರದೋ ಹಳೇದು ಬಿಚ್ಚಿ ಹಾಕ್ತೀರೇನು?"

"ಇಲ್ಲ, ಹೊಸದೇ."

"ಹೊಸದು ಇಷ್ಟು ಅಗ್ಗ ಹೇಗೆ? ಅರ್ಧ ದಾರೀಲಿ ಚಕ್ರ ಕೈಕೊಟ್ರೆ ಚೆಲ್ಲಿದ ಹಾಲು ನೀನು ತುಂಬ್ಕೊಡ್ತೀಯಾ?" ಕ್ಯಾನನ್ನು ಮತ್ತೆ ನೇತುಹಾಕಿ ಹ್ಯಾಂಡಲ್ ತಿರುಗಿಸಿಯೇ ಬಿಟ್ಟಳು. "ಇಷ್ಟು ದಿನ ನಿಮ್ಮ ಅಂಗಡೀನ ನಂಬಿದ್ದೆ."

ಮಾವನ ಮುಖ ಬಾಡಿತು. ನಿಜವಾದ ರೇಟು ಹೇಳಲು ಹೋದವನು ತನ್ನದೇ ನಿಯಮ ನೆನಪಾಗಿ ಚಿಂದಿ ಬಟ್ಟೆಗೆ ಕೈ ಒರೆಸಿಕೊಳ್ಳತೊಡಗಿದ. ಅವಳು ನೆಲವಾದರೂ ಬಾಯಿಬಿಡಬಾರದೇ ಎಂದು ಕೆಳಗೆ ನೋಡಿದಳು. ಗ್ರೀಸು ಮೆತ್ತಿದ ಆ ನೆಲವೂ ಅವಳ ಜಾತಿಯದೇ, ಬಾಯಿಬಿಡಲಿಲ್ಲ.

ಸೈಕಲ್ ರಸ್ತೆಗಿಳಿಯಿತು.

"ಅಕ್ಕ, ನಿಲ್ಲಿ." ಎದುರಂಗಡಿಯವರೂ ತಿರುಗಿ ನೋಡುವಷ್ಟು ದೊಡ್ಡ ದನಿ, ತನ್ನದೇ ಎಂದು ತಿಳಿಯಲು ಅವಳಿಗೊಂದು ಗಳಿಗೆ ಬೇಕಾಯಿತು. "ಅದು ನಾನೂರ ಐವತ್ತು. ಸಾಮಾನು ಹೊಸದೇ. ರೇಟು ಹೇಳೋಕೆ ನಂಗೆ ನಾಚಿಕೆ ಆಗುತ್ತೆ, ಅದಕ್ಕೇ ಕಡಿಮೆ ಹೇಳಿದೆ."

ಹಾಲಿನವಳು ಹ್ಯಾಂಡಲ್ ಹಿಂದಕ್ಕೆ ತಿರುಗಿಸಿ ಬಂದು ಕ್ಯಾನು ಇಳಿಸಿದಳು, ಮಾವ ಸ್ಪ್ಯಾನರ್ ಎತ್ತಿಕೊಂಡ.