ಎರಡನೆಯ ಭಾಗದ ಕಾವಲುಗಾರ

ವೀರಭದ್ರಪ್ಪ ಹೆಂಡತಿ ಗದಿಗೆಮ್ಮನ ತಲೆಯನ್ನು ಎರಡೂ ಅಂಗೈಗಳಲ್ಲಿ ಹಿಡಿದು ನಿಂತಿದ್ದ. ಕೂರಿಸಿದ ಹೆಣದ ಕತ್ತು ಮತ್ತೆ ಮತ್ತೆ ವಾಲುತ್ತಿತ್ತು. ಅವಳ ತಮ್ಮ ಸಾಬಣ್ಣ ಹಿಂದಿನಿಂದ ಶಲ್ಯ ಸುತ್ತಿ ಕುರ್ಚಿಗೆ ಬಿಗಿದ.

"ಬಿಡ್ರಿ ಮಾಮಾ, ಈಗ ನಿಂತೈತಿ."

ವೀರಭದ್ರಪ್ಪ ಬಿಡಲಿಲ್ಲ.

ಸುಲ್ತಾನ್ ಬಜಾರಿನ ಆ ಹಳೆಯ ಮನೆಯ ಪಡಸಾಲೆಯಲ್ಲಿ ಗದಿಗೆಮ್ಮನ ಓದುಗರು ಕೂತಿದ್ದರು. ಬಹಮನಿ ಕಾಲದ ಕೋಟೆಯೊಂದರ ಮೇಲೆ ಅವಳು ಬರೆದ ಕಾದಂಬರಿಯ ಮೊದಲ ಭಾಗವನ್ನು ಎಲ್ಲರೂ ಮೆಚ್ಚಿದ್ದರು. ಈಚೆಗೆ ಬಂದ ಎರಡನೆಯ ಭಾಗದ ಬಗ್ಗೆ ಮಾತ್ರ ಒಮ್ಮತವಿರಲಿಲ್ಲ. ಹೆಣದ ಮುಂದೆಯೂ ಆ ವಾದ ನಿಂತಿರಲಿಲ್ಲ.

"ಮೊದಲನೇದ್ರಲ್ಲಿ ಯುದ್ಧ, ದರ್ಬಾರು, ಕುದುರೆ ವ್ಯಾಪಾರ ಎಲ್ಲಾ ಇತ್ತು," ಎಂದು ಪಿಸುಗುಟ್ಟಿದ ಕೌಸ್ತುಭ. ಮೈಸೂರಿನವನು, ಈಗ ಇದೇ ಊರಿನ ಮಣಿಕೊಂಡದಲ್ಲಿ ಕೆಲಸ. "ಇದ್ರಲ್ಲಿ ಅಷ್ಟು ದಪ್ಪ ಪುಸ್ತಕ ಪೂರ್ತಿ ಒಬ್ಬ ಬಾಗಿಲು ಕಾಯೋನ ಮನೆ. ವರ್ಷಗಟ್ಟಲೆ ಹೆಂಡ್ತಿ ಜೊತೆ ಮಾತೇ ಆಡಲ್ವಂತೆ. ಒಂದೇ ಸೂರಿನ ಕೆಳಗೆ! ಯಾರು ನಂಬ್ತಾರೆ?"

"ನನಗ ಅದಾ ಭಾಳ ಹಿಡಿಸ್ತು ನೋಡ್ರಿ," ಎಂದಳು ಕಲಬುರಗಿಯ ಕುಮುದಾ. "ಕೋಟಿಗೆ ಮುತ್ತಿಗಿ ಬಿದ್ದೈತಿ, ರಾತ್ರಿ ಬಾಗಲಾ ತಗೀಬ್ಯಾಡ ಅಂತ ಹುಕುಂ. ಅವನ ಮಗಳಾ ಹೊರಗ ಉಳದಾಳ. ಬೆಳಿಗ್ಗಿ ನೋಡೂಣು ಅಂದ. ಬೆಳಿಗ್ಗಿ ಕೂಸಾ ಇಲ್ಲ. ಆಮ್ಯಾಲ ಅಂವ ಏನ್ ಮಾತಾಡ್ತಾನ್ರಿ?"

ವೀರಭದ್ರಪ್ಪ ಹೆಂಡತಿಯ ಮುಖದಿಂದ ಕಣ್ಣೆತ್ತಿ ಕುಮುದಾಳ ಕಡೆ ನೋಡಿದ. ಆ ಪುಸ್ತಕವನ್ನು ಅವನು ಓದಿರಲಿಲ್ಲ.

*

ಎಷ್ಟೋ ವರ್ಷಗಳ ಹಿಂದೆ, ಮಗಳು ಶೈಲಾಗೆ ಜ್ವರ ಏರಿದ ರಾತ್ರಿ ಊರಲ್ಲಿ ಗಲಾಟೆಯಾಗಿ ಕರ್ಫ್ಯೂ ಹಾಕಿದ್ದರು. ಬೀದಿಯಲ್ಲಿ ಒಂದು ಆಟೋ ಇರಲಿಲ್ಲ. ಲಾಠಿಯ ಭಯ ಬೇರೆ.

"ಬೆಳಿಗ್ಗಿ ಕರಕೊಂಡು ಹೋಗೂಣು," ಎಂದಿದ್ದ ಅವನು.

ಬೆಳಗಾಗುವಷ್ಟರಲ್ಲಿ ಮಗು ತಣ್ಣಗಾಗಿತ್ತು.

ಗದಿಗೆಮ್ಮ ಅವನನ್ನು ಒಂದು ಮಾತೂ ಅನ್ನಲಿಲ್ಲ. ಎದುರು ಕೂತರೆ ಎಂದಾದರೂ ಅಂದೇಬಿಡುತ್ತಾಳೆಂದು ಅಂಜಿ ಅವನೇ ದೂರವಾದ. ಅನ್ನ ಹಾಕು, ಹಾಲಿನವ ಬಂದ. ಅಷ್ಟು ಮಾತು ಉಳಿಯಿತು. ಅವಳು ಬರೆಯತೊಡಗಿದಳು. ಏನು ಬರೆಯುತ್ತೀ ಎಂದು ಅವನು ಕೇಳಲಿಲ್ಲ.

*

"ಆದ್ರೆ ಆ ಹೆಂಡ್ತಿ ಅವನನ್ನ ಯಾಕೆ ಬಯ್ಯಲ್ಲ?" ಕೌಸ್ತುಭ ಬಿಡಲೊಲ್ಲ. "ಅಬಿಡ್ಸ್‌ನಲ್ಲಿ ಈ ಪುಸ್ತಕದ ಮೇಲೆ ನಡೆದ ಸಭೇಲಿ ಮೇಡಮ್‌ನ ಕೇಳೇಬಿಟ್ಟೆ. ಕಾದಂಬರೀಲಿ ಇದೇ ದೊಡ್ಡ ದೋಷ ಅಂತ."

"ಏನಂದಳು?"

ಕೇಳಿದವನು ವೀರಭದ್ರಪ್ಪ.

ಕೌಸ್ತುಭ ತಡವರಿಸಿದ. "ಅವಳು ಯಾವ ಬಾಯಲ್ಲಿ ಬಯ್ಯಬೇಕು ಅಂದ್ರು ಸರ್. ಬೆಳಿಗ್ಗೆ ನೋಡೋಣ ಅಂದಾಗ ಅವಳೂ ಹ್ಞೂಂ ಅಂದಿದ್ಳಂತೆ. ಗಂಡ ಒಂದ್ಸಲ ಆ ರಾತ್ರಿ ಮಾತೆತ್ತಿದ್ರೆ ಅದನ್ನ ಹೇಳ್ಬೇಕು ಅಂತ ಕಾಯ್ತಿದ್ಳಂತೆ."

ಹೌದು, ಹ್ಞೂಂ ಅಂದಿದ್ದಳು. ಮಗುವಿನ ಹಣೆಯ ಮೇಲೆ ಒದ್ದೆ ಬಟ್ಟೆ ಒತ್ತುತ್ತ, ತಲೆ ಎತ್ತದೆ. ಅದು ಅವನಿಗೆ ಮರೆತೇಹೋಗಿತ್ತು.

"ಎತ್ತಿದನೇನು ಅಂವ ಮಾತು?"

ಕುಮುದಾ ತಲೆಯಾಡಿಸಿದಳು. "ಇಲ್ರಿ ಕಾಕಾರ. ಕಥಿ ಅಲ್ಲಿಗೇ ನಿಂತೈತಿ. ಇನ್ನೊಂದು ಭಾಗ ಬರೀಬೇಕು ಅಂತಿದ್ರು ಅಕ್ಕಾರು."

*

ರುದ್ರಭೂಮಿಯಲ್ಲಿ ಗದಿಗೆಮ್ಮನನ್ನು ಗುಂಡಿಯೊಳಗೆ ಕೂರಿಸಿ, ವಿಭೂತಿ ಹಚ್ಚಿ, ಮಡಿಲಿಗೆ ಬಿಲ್ವಪತ್ರೆ ಹಾಕಿದರು. ಅಯ್ಯನವರು ಮಂತ್ರ ಮುಗಿಸಿ, "ಯಜಮಾನ್ರು ಮೊದಲು ಮಣ್ಣು ಹಾಕ್ರಿ," ಎಂದರು.

ವೀರಭದ್ರಪ್ಪ ಮಣ್ಣಿಗೆ ಕೈ ಚಾಚಲಿಲ್ಲ. ಅಂಚು ಹಿಡಿದು ಒಳಕ್ಕಿಳಿದ. ಅವಳ ಎದುರಿಗೆ, ಮೊಣಕಾಲಿಗೆ ಮೊಣಕಾಲು ತಾಗುವಂತೆ ಕೂತ.

"ಮಾಮಾ, ಮ್ಯಾಲ ಬರ್ರಿ, ಹೊತ್ತಾತು," ಸಾಬಣ್ಣ ಬಗ್ಗಿ ಕೈ ಕೊಟ್ಟ.

ಅವನು ಆ ಕೈ ನೋಡಲಿಲ್ಲ. ಅವಳ ಕಿವಿಯ ಹತ್ತಿರ ಬಾಯಿ ಒಯ್ದ.

"ಗದಿಗೆವ್ವಾ, ಆ ರಾತ್ರಿ..." ಎಂದು ಶುರುಮಾಡಿದ.

ಗುಂಡಿಯ ಸುತ್ತ ಜನ ಮುಷ್ಟಿಯಲ್ಲಿ ಮಣ್ಣು ಹಿಡಿದು ನಿಂತೇ ಇದ್ದರು. ಬೆರಳ ಸಂದಿಯಿಂದ ಅದು ತಮ್ಮದೇ ಕಾಲ ಮೇಲೆ ಸೋರುತ್ತಿತ್ತು.