ಪಕ್ಕದ ಕೋಣೆಯ ಮಾತು

ಕಿವಿಯಕ್ಕನ ಕುರ್ಚಿಯಲ್ಲಿ ಕೂತವರು ಸ್ವಲ್ಪ ಹೊತ್ತು ಈ ಲೋಕದಿಂದ ಕಳಚಿಕೊಳ್ಳುತ್ತಿದ್ದರು. ಮೊದಲು ಆಕೆ ದಾರ ಕಟ್ಟಿದ ಹತ್ತಿಯ ಸಣ್ಣ ಉಂಡೆಯನ್ನು ಅವರ ಕಿವಿಯೊಳಗೆ ಇಳಿಸುತ್ತಿದ್ದಳು. ಆಮೇಲೆ ಎರಡು ಬಣ್ಣದ ಹಿಟ್ಟನ್ನು ಕಲಸಿ ಸಿರಿಂಜಿನಿಂದ ತುಂಬುತ್ತಿದ್ದಳು. ಹಿಟ್ಟು ಗಟ್ಟಿಯಾಗುವ ತನಕ ಅವರು ನೀರಿನ ತಳದಲ್ಲಿ ಮಲಗಿದವರ ಹಾಗೆ ಸೂರು ನೋಡುತ್ತಿದ್ದರು. ಹೊರಗೆ ತೆಗೆದ ಅಚ್ಚಿನಲ್ಲಿ ಆ ಕಿವಿಯ ಒಳದಾರಿಯೆಲ್ಲ ಮೂಡಿರುತ್ತಿತ್ತು. ಒಬ್ಬರ ದಾರಿ ಇನ್ನೊಬ್ಬರದರಂತಿರಲಿಲ್ಲ. ಆ ಅಚ್ಚನ್ನು ಹಿಡಿದು ಆಕೆ ಶ್ರವಣಯಂತ್ರಕ್ಕೆ ಜೋಡಿಸುವ ಮೆತ್ತನೆಯ ಬಿರಡೆ ಮಾಡುತ್ತಿದ್ದಳು. ಹಲಗೆಯ ಮೇಲೆ ಸಾಲಾಗಿಟ್ಟ ಬಿರಡೆಗಳು ಮಧ್ಯಾಹ್ನದ ಬೆಳಕಿನಲ್ಲಿ ಸಮುದ್ರದ ದಡದಿಂದ ಆರಿಸಿ ತಂದ ಚಿಪ್ಪುಗಳಂತೆ ಕಾಣುತ್ತಿದ್ದವು.

ಆ ಹಾಲ್ ಒಂದು ಕಾಲದಲ್ಲಿ ಅಂಚೆ ವಿಂಗಡಿಸುವ ಜಾಗವಾಗಿತ್ತು. ಈಗ ಸರ್ಕಾರ ಅದನ್ನು ಪ್ಲೈವುಡ್ಡಿನಿಂದ ಕೋಣೆಗಳಾಗಿ ಒಡೆದು ಸಣ್ಣ ಉದ್ಯಮದವರಿಗೆ ಕೊಟ್ಟಿತ್ತು. ಹೆಸರಿಗೆ ಉದ್ಯಮ ಪೋಷಣಾ ಕೇಂದ್ರ, ಬಾಯಲ್ಲಿ ಬರೀ ಸೆಂಟರ್. ಕೋಣೆ, ಕರೆಂಟು, ಎಲ್ಲರಿಗೂ ಸೇರಿದ ಯಂತ್ರಗಳು, ಲೆಕ್ಕ ಬರೆಯೋದು ಹೇಳಿಕೊಡಲು ಒಬ್ಬ ಮ್ಯಾನೇಜರ್, ಇಷ್ಟೂ ಸರ್ಕಾರದ್ದು. ಕಾಲು ಊರಿದ ಮೇಲೆ ಜಾಗ ಖಾಲಿ ಮಾಡಬೇಕು. ಹೊರಗೆ ಇನ್ನೊಂದು ತಂಡ ಕಾದಿರುತ್ತದೆ. ಕಿವಿಯಕ್ಕನ ಅವಧಿ ಮುಗಿಯುತ್ತ ಬಂದಿತ್ತು, ಪಕ್ಕದ ಕೋಣೆಯ ಹಾಸಿಗೆಯವನದ್ದೂ. ಅವನು ಹಾಸಿಗೆ ಹಿಡಿದ ರೋಗಿಗಳ ಬೆನ್ನು ಹುಣ್ಣಾಗದಂತೆ ಫೋಮಿನ ಹಾಸಿಗೆ ಮಾಡುತ್ತಿದ್ದ. ಆ ಸಾಲಿನಲ್ಲಿ ಇನ್ನೊಂದು ಅವಧಿಗೆ ಉಳಿದಿದ್ದು ಒಂದೇ ಕೋಣೆ. ಇಬ್ಬರಲ್ಲಿ ಯಾರಿಗೆ ಎಂದು ಸಮಿತಿ ಬಂದು ಹೇಳಬೇಕಿತ್ತು.

ಮನೆಗೆ ಮರಳುವ ಮಾತೇ ಇರಲಿಲ್ಲ. ಸೆಂಟರಿಗೆ ಬರುವ ಮುಂಚೆ ಆಕೆ ಅಡುಗೆಮನೆಯ ಕಟ್ಟೆಯ ಮೇಲೇ ಬಿರಡೆ ಎರೆದು, ಹಬೆಯಲ್ಲಿ ಗಟ್ಟಿ ಮಾಡುತ್ತಿದ್ದಳು. ಅರ್ಧಕ್ಕರ್ಧ ಗುಳ್ಳೆ ಎದ್ದು ಹಾಳಾಗುತ್ತಿದ್ದವು. ಒಂದು ದಿನ ಅತ್ತೆ ಪಾತ್ರೆಯ ಮುಚ್ಚಳ ತೆಗೆದು ಚೀರಿದ್ದು ಬೀದಿಗೆಲ್ಲ ಕೇಳಿಸಿತ್ತು.

"ಸೆಂಟರ್ ಇರ್ಲಿ ಬಿಡ್ಲಿ," ಎಂದು ಅತ್ತೆ ಈಗಲೂ ಹೇಳುತ್ತಿದ್ದಳು. "ನನ್ನ ಪಾತ್ರೇಲಿ ಮಾತ್ರ ಇನ್ನೊಬ್ಬರ ಕಿವಿ ಬೇಯಿಸ್ಬೇಡ ತಾಯಿ."

"ಅದು ಕಿವಿ ಅಲ್ಲ ಅತ್ತೆ, ಬಿರಡೆ."

"ಏನೋ ಒಂದು. ಅವತ್ತಿಂದ ನನಗೆ ಸಾರು ಸೇರ್ತಿಲ್ಲ."

ಗಂಡ ತಟ್ಟೆಯಿಂದ ತಲೆ ಎತ್ತುತ್ತಿರಲಿಲ್ಲ. ಇವರಿಬ್ಬರ ನಡುವೆ ಬಾಯಿ ಹಾಕಿ ಕೆಟ್ಟ ಅನುಭವ ಅವನಿಗೆ ಸಾಕಷ್ಟಿತ್ತು.

ಸೆಂಟರಿನ ಓವನ್ನಿನಲ್ಲಿ ಗುಳ್ಳೆಯ ಕಾಟವಿರಲಿಲ್ಲ. ಇದ್ದ ಕಾಟ ಹಾಸಿಗೆಯವನದ್ದು. ಕೋಣೆಯ ಗೋಡೆಗಳು ಸೂರಿಗೆ ತಾಗುತ್ತಿರಲಿಲ್ಲವಾದ್ದರಿಂದ ಅವನ ಫೋಮಿನ ಧೂಳು ಗಾಜಿನ ಹಂಚಿನ ಬಿಸಿಲುಕೋಲುಗಳಲ್ಲಿ ಈಜುತ್ತ ಇವಳ ಕಡೆಗೇ ಬರುತ್ತಿತ್ತು. ನೋಡಲು ಚಂದ, ಎರೆದಿಟ್ಟ ಬಿರಡೆಗೆ ಮಾರಿ. ಆಕೆ ಗೋಡೆಯ ಮೇಲೆ ಒದ್ದೆ ಸೀರೆ ಹರವುತ್ತಿದ್ದಳು.

"ಅಣ್ಣಾ, ನಿಮ್ಮ ಮೋಡ ಈ ಕಡೆ ಬಂತು."

"ಗಾಳಿಗೆ ನಾನು ಸಂಬಳ ಕೊಟ್ಟಿಲ್ಲಮ್ಮ, ಹೇಳಿದಂಗೆ ಕೇಳೋಕೆ!"

ಧೂಳಿಗಿಂತ ಹೆಚ್ಚಾಗಿ ಗೋಡೆ ಹಾರಿ ಬರುತ್ತಿದ್ದದ್ದು ಅವನ ಮಾತು. ಸಮಿತಿಯ ಮುಂದೆ ಆಡಬೇಕಾದ ಮಾತನ್ನು ದಿನಾ ಬೆಳಿಗ್ಗೆ ಗಟ್ಟಿಯಾಗಿ ಹೇಳಿಕೊಳ್ಳಬೇಕೆಂದು ಮ್ಯಾನೇಜರ್ ಕಟ್ಟಪ್ಪಣೆ ಮಾಡಿದ್ದ. ಮೇಲಧಿಕಾರಿಗಳಿಗೆ ಸರಕಿಗಿಂತ ಮಾತು ಬೇಗ ಅರ್ಥವಾಗುತ್ತದೆ ಎಂಬುದು ಅವನ ಅನುಭವ. ಹಾಸಿಗೆಯವನು ಫೋಮ್ ಕೊಯ್ಯುತ್ತ, ಯಂತ್ರದ ಸದ್ದಿಗೆ ಮೇಲಾಗಿ ಕೂಗುತ್ತಿದ್ದ: "ಭಾರ ಒಂದೇ ಕಡೆ ಬಿದ್ದರೆ ಚರ್ಮ ನೋಯುತ್ತದೆ, ಸ್ವಾಮಿ! ನೋವು ಮೊದಲು ಪಿಸುಗುಟ್ಟುತ್ತದೆ, ಆಮೇಲೆ ಕೂಗುತ್ತದೆ!" ಕಿವಿಯಕ್ಕ ತನ್ನ ಮಾತನ್ನು ತುಟಿಯೊಳಗೇ ಹೇಳಿಕೊಳ್ಳುತ್ತಿದ್ದಳು. ಕೈ ಕೆಲಸದಲ್ಲಿ, ಕಣ್ಣು ಬೆಳಕಿನಲ್ಲಿ, ಅವನ ಮಾತು ತಲೆಯಲ್ಲಿ; ಹೀಗೆ ಬೆಳಗುಗಳು ಕಳೆದವು. ಆ ಮಾತು ಹೊಸ್ತಿಲು ದಾಟಿ ಒಳಗೆ ಬಂದು ಕೂತಿದ್ದು ಆಕೆಗೆ ಗೊತ್ತಾಗಲೇ ಇಲ್ಲ.

ಸಮಿತಿಯಲ್ಲಿ ಮೂವರಿದ್ದರು: ಇಲಾಖೆಯ ಅಧಿಕಾರಿ, ನಿವೃತ್ತ ಬ್ಯಾಂಕಿನವರು, ಒಬ್ಬಾಕೆ ಎಂಜಿನಿಯರ್. ಹಾಲಿನ ನಡುವೆ ಉದ್ದನೆಯ ಮೇಜು ಹಾಕಿದ್ದರು. ಕಿವಿಯಕ್ಕ ಅಂಗೈ ಮೇಲೆ ಒಂದು ಬಿರಡೆ ಇಟ್ಟುಕೊಂಡು ನಿಂತಳು. ಮೇಲಿನ ಗಾಜಿನಿಂದ ಬಿದ್ದ ಬೆಳಕಿನಲ್ಲಿ ಅದು ಒಳಗಿನಿಂದ ಉರಿಯುವಂತೆ ಕಂಡಿತು. ಆಕೆ ಅದನ್ನೇ ನೋಡುತ್ತ ಬಾಯಿ ತೆರೆದಳು. ಮಾತು ತಡವರಿಸದೆ ಹರಿಯಿತು. ಇಷ್ಟು ಚೆನ್ನಾಗಿ ತಾನು ಮಾತಾಡಬಲ್ಲೆನೇ ಎಂದು ಆಕೆಗೇ ಬೆರಗಾಯಿತು.

"ಭಾರ ಒಂದೇ ಕಡೆ ಬಿದ್ದರೆ ಚರ್ಮ ನೋಯುತ್ತದೆ, ಸ್ವಾಮಿ. ನೋವು ಮೊದಲು ಪಿಸುಗುಟ್ಟುತ್ತದೆ, ಆಮೇಲೆ ಕೂಗುತ್ತದೆ."

ಬ್ಯಾಂಕಿನವರು ತಲೆದೂಗಿದರು. ಎಂಜಿನಿಯರ್ ಏನೋ ಗುರುತು ಹಾಕಿಕೊಂಡಳು. ಅಲ್ಲಿಯ ತನಕ ಆ ಮಾತೆಲ್ಲ ಕಿವಿಯ ಬಿರಡೆಗೂ ಒಪ್ಪುತ್ತಿತ್ತು. ಸರದಿಗೆ ಕಾದು ನಿಂತಿದ್ದ ಹಾಸಿಗೆಯವನ ಬಾಯಿ ಮಾತ್ರ ತೆರೆದಿದ್ದು ತೆರೆದೇ ಇತ್ತು.

"ಅದಕ್ಕೇ ನಾನು ಇದನ್ನು ಮಾಡಿದ್ದೇನೆ," ಎಂದಳು ಆಕೆ, ಅಂಗೈ ಮುಂದೆ ಚಾಚಿ. "ಇದರ ಮೇಲೆ ಎಂಥ ದಢೂತಿ ಆಸಾಮಿಯೂ ಕಾಲು ಚಾಚಿ ಮಲಗಬಹುದು."

ಮೊದಲು ನಕ್ಕವರು ಬ್ಯಾಂಕಿನವರು. ಆಮೇಲೆ ಮೇಜಿಗೆ ಮೇಜೇ ನಕ್ಕಿತು. ಗೋಡಂಬಿಗಿಂತ ಸ್ವಲ್ಪ ದೊಡ್ಡದಾದ ಬಿರಡೆ ಆಕೆಯ ಅಂಗೈಯಲ್ಲಿ ಯಾರಿಗೋ ಕಾದಂತೆ ಮಲಗಿತ್ತು. ಆಕೆಗೆ ತನ್ನ ಸ್ವಂತ ಮಾತು ಒಂದಕ್ಷರವೂ ನೆನಪಾಗಲಿಲ್ಲ. ಆಕೆಯ ಸಮಯ ಮುಗಿದ ಗಂಟೆ ಹೊಡೆಯಿತು.

ಹಾಸಿಗೆಯವನು ಬಂದು ನಿಂತ. ಮುಖ ಕೆಂಪಗಾಗಿತ್ತು.

"ನಾನೇನು ಹೇಳ್ಲಿ ಸ್ವಾಮಿ? ನನ್ನದನ್ನೆಲ್ಲ ಈಯಮ್ಮನೇ ಹೇಳಿ ಮುಗಿಸಿಬಿಟ್ಟಳು."

"ಹಾಗಾದ್ರೆ ಆಕೇದು ನೀವು ಹೇಳಿ," ಎಂದರು ಅಧಿಕಾರಿ ಕಣ್ಣೊರೆಸಿಕೊಳ್ಳುತ್ತ.

ಅದು ತಮಾಷೆ ಎಂದು ಅವನಿಗೆ ತಿಳಿಯಲಿಲ್ಲ. ತಲೆ ಕೆರೆದುಕೊಂಡ. "ಈಕೆ ಬಾಯಿಬಿಟ್ಟು ಅಭ್ಯಾಸ ಮಾಡಿದ್ದೇ ನಾನು ಕೇಳಿಲ್ಲ. ಬಂದವರಿಗೆ ಹೇಳೋದು ಮಾತ್ರ ದಿನಾ ಕೇಳಿಸುತ್ತೆ." ದನಿ ತಾನಾಗಿಯೇ ತಗ್ಗಿತು. "ಈಗ ಸ್ವಲ್ಪ ಹೊತ್ತು ಏನೂ ಕೇಳಿಸಲ್ಲ. ಹೆದರ್ಬೇಡಿ. ನಾನು ಎದುರಿಗೇ ಕೂತಿರ್ತೀನಿ. ಮುಗಿದ ಮೇಲೆ ಭುಜ ಮುಟ್ತೀನಿ. ಅಲ್ಲೀವರೆಗೆ ಏನಾದ್ರೂ ಒಳ್ಳೇದು ನೆನಪು ಮಾಡ್ಕೊಳ್ಳಿ." ಅಲ್ಲಿಗೆ ನಿಲ್ಲಿಸಿದ. "ಇಷ್ಟೇ. ಆಮೇಲೆ ಇಬ್ರೂ ಸುಮ್ನಿರ್ತಾರೆ."

ಯಾವುದೋ ಕೋಣೆಯಲ್ಲಿ ಹೊಲಿಗೆ ಯಂತ್ರ ಒಂದಿಷ್ಟು ಓಡಿ ನಿಂತಿತು. ಧೂಳಿನ ಕಣಗಳು ಎತ್ತಲೂ ಹೋಗದೆ ಬೆಳಕಿನಲ್ಲೇ ಸುತ್ತುತ್ತಿದ್ದವು. ಅಷ್ಟು ಹೊತ್ತು ಯಾರಿಗೂ ಅಲ್ಲಿಂದ ಎದ್ದು ಹೋಗುವ ಕೆಲಸವೇ ಇರಲಿಲ್ಲವೆನ್ನಿಸಿತು.

ಆದರೆ ಕೋಣೆಗಳನ್ನು ಮನಸ್ಸು ಕರಗಿದ ಲೆಕ್ಕದಲ್ಲಿ ಕೊಡುವುದಿಲ್ಲ. ಸಾಯಂಕಾಲದ ಹೊತ್ತಿಗೆ ಎಂಜಿನಿಯರ್ ಕಿವಿಯಕ್ಕನನ್ನು ಕರೆದು ನೇರವಾಗಿ ಹೇಳಿದಳು. "ಅವರ ಫೋಮು, ಯಂತ್ರ ಎಲ್ಲ ಹೊತ್ಕೊಂಡು ಹೋಗೋ ಹಾಗಿಲ್ಲ. ನಿಮ್ಮ ಸಾಮಾನು ಒಂದು ಚೀಲದಲ್ಲಿ ಹಿಡಿಯುತ್ತೆ. ಕೋಣೆ ಅವರಿಗೆ. ಹೊರಗಿನ ಸದಸ್ಯೆ ಅಂತ ಓವನ್ ಬಳಸೋಕೆ ನಿಮಗೆ ಬಿಡ್ತೀವಿ."

"ಬಂದವರನ್ನ ಎಲ್ಲಿ ಕೂರಿಸ್ಲಿ ಮೇಡಂ?"

"ಅದಕ್ಕೆ ನಮ್ಮಲ್ಲಿ ಜಾಗ ಇಲ್ಲ."

"ನನ್ನ ಮಾತು ದಾರಿ ತಪ್ಪದೆ ಇದ್ದಿದ್ರೆ?"

ಎಂಜಿನಿಯರ್ ತಾನು ಗುರುತು ಹಾಕಿಕೊಂಡ ಹಾಳೆ ನೋಡಿದಳು. "ಆಗಲೂ ಇಷ್ಟೇ ಅನ್ಸುತ್ತೆ."

ಅದು ಸಮಾಧಾನವೋ ಬರೆಯೋ ಕಿವಿಯಕ್ಕನಿಗೆ ತಿಳಿಯಲಿಲ್ಲ. ಆಕೆ ಬಿರಡೆಗಳನ್ನು ಹತ್ತಿಯಲ್ಲಿ ಸುತ್ತಿ ಡಬ್ಬಕ್ಕೆ ತುಂಬುತ್ತಿದ್ದಾಗ ಹಾಸಿಗೆಯವನು ಬಾಗಿಲಲ್ಲಿ ನಿಂತ.

"ಅಳ್ತಿದ್ದೀಯೇನು?"

"ನಿಮ್ಮ ಧೂಳು ಕಣ್ಣಿಗೆ ಬಿತ್ತು."

"ನಾನು ಇವತ್ತು ಫೋಮೇ ಕೊಯ್ದಿಲ್ಲ." ಅವನು ಬಾಗಿಲ ಚೌಕಟ್ಟನ್ನು ಉಗುರಿನಿಂದ ಕೆರೆದ. "ನನ್ನ ಕೋಣೇಲೇ ಅಚ್ಚು ತೆಗಿ. ಅಚ್ಚಿಗೆ ಧೂಳು ಬಿದ್ರೆ ಏನೂ ಆಗಲ್ಲ, ನೀನೇ ಹೇಳಿದ್ದೆ. ಎರೆಯೋದು, ಬೇಯಿಸೋದು ಓವನ್ ಹತ್ರ ಮಾಡ್ಕೋ."

"ಅಲ್ಲಿ ಕುರ್ಚಿ ಹಾಕೋಕೆ ಜಾಗ ಎಲ್ಲಿದೆ?"

"ಕೂರ್ಬೇಕು ಅಂತ ಯಾರು ಹೇಳಿದ್ರು? ಮಲಗ್ಲಿ."

"ಹಂಚ್ಕೊಳ್ಳೋದು ನಿಯಮದಲ್ಲಿಲ್ಲ ಅಣ್ಣಾ."

"ಮ್ಯಾನೇಜರ್‌ನ ಕೇಳ್ದೆ. ಹಾಸಿಗೆ ಪರೀಕ್ಷೆ ನಡೀತಿದೆ ಅಂತ ತಿಳ್ಕೋತೀನಿ ಅಂದ. ನೀನು ಆ ನನ್ನ ಭಾಷಣ ಮಾತ್ರ ಇನ್ನೊಂದು ಸಲ ಎತ್ಬೇಡ."

ಮರುವಾರ ಮೊದಲು ಬಂದವನು ಒಬ್ಬ ಬಸ್ ಕಂಡಕ್ಟರ್. ವರ್ಷಗಟ್ಟಲೆ ಎಂಜಿನ್ ಸದ್ದು ಕೇಳಿ ಕಿವಿ ಮಂದವಾಗಿತ್ತು. ಅವನನ್ನು ಫೋಮಿನ ಹಾಸಿಗೆಯ ಮೇಲೆ ಮಗ್ಗುಲಾಗಿ ಮಲಗಿಸಿದಳು. ಕಿವಿ ಬಟ್ಟಲಿನಂತೆ ಮೇಲಕ್ಕೆ ತೆರೆದುಕೊಂಡಿತು. ಹಿಟ್ಟು ಒಂದೇ ಸಲಕ್ಕೆ ಕೊನೆಯ ತಿರುವಿನವರೆಗೂ ಇಳಿಯಿತು. ಕುರ್ಚಿಯಲ್ಲಿ ಎಷ್ಟೋ ಸಲ ಎರಡನೇ ಬಾರಿ ತುಂಬಬೇಕಾಗುತ್ತಿತ್ತು. ಯಾವಾಗಲೂ ಹೇಳುವುದನ್ನು ಮೊದಲೇ ಹೇಳಿದ್ದಳು; ಈಗ ಕಂಡಕ್ಟರನಿಗೆ ಕಾಣುವಂತೆ ಒಂದು ಫೋಮಿನ ತುಂಡಿನ ಮೇಲೆ ಕೂತಳು. ಅವನ ಕಣ್ಣು ಮುಚ್ಚಿತು. ದವಡೆ ಸಡಿಲವಾಯಿತು. ಬೆರಳುಗಳು ಟಿಕೆಟ್ ಹರಿಯುವಂತೆ ಒಮ್ಮೆ ಅಲುಗಿ ನಿಂತವು.

ಹಿಟ್ಟು ಗಟ್ಟಿಯಾಗಿತ್ತು. ಆಕೆ ಕೈ ಚಾಚಿದಳು, ಭುಜ ಮುಟ್ಟಲಿಲ್ಲ.

"ಎಬ್ಬಿಸಲ್ವಾ?" ಎಂದ ಹಾಸಿಗೆಯವನು ಪಿಸುದನಿಯಲ್ಲಿ.

"ಇನ್ನೊಂದ್ಸ್ವಲ್ಪ. ಜೋರಾಗಿ ಮಾತಾಡ್ಬೇಡಿ."

"ಅವನಿಗೆ ಕೇಳ್ಸಲ್ವಲ್ಲಮ್ಮ."

"ಮತ್ತೆ ನೀವ್ಯಾಕೆ ಪಿಸುಗುಡ್ತಿದ್ದೀರಾ?"

ಕೊಯ್ಯುವ ಯಂತ್ರದ ಸ್ವಿಚ್ಚಿನ ಮೇಲಿಟ್ಟಿದ್ದ ಕೈ ತೆಗೆದು ಹಾಸಿಗೆಯವನೂ ಗೋಡೆಗೊರಗಿ ಕೂತ.