ವಿಮಾನಕ್ಕೆ ಹೋಗುವ ವ್ಯಾನು

"ಪುನಃ ಬ್ರೇಕಿಗೆ ಕಾಲು ಹೋಯ್ತಲ್ಲ ಬ್ಯಾರಿಗಳೇ!" ಎಂದರು ಪಕ್ಕದಲ್ಲಿ ಕುಳಿತಿದ್ದ ರಮಾನಾಥ ರಾಯರು.

ಅಬ್ದುಲ್ ಶುಕೂರ್ ಸರಕ್ಕನೆ ಕಾಲು ಎಳೆದುಕೊಂಡ. ಏನು ಮಾಡುವುದು, ಬೆಳ್ತಂಗಡಿಯಿಂದ ಮೂಡಬಿದಿರೆಗೆ ವರ್ಷಗಟ್ಟಲೆ ಸರ್ವಿಸ್ ಬಸ್ಸು ಓಡಿಸಿದ ಕಾಲು ಅದು. ರಸ್ತೆಬದಿಯಲ್ಲಿ ಒಂದು ಕೈ ಎದ್ದರೆ ಸಾಕು, ಯಜಮಾನನನ್ನು ಕೇಳದೆ ತಾನೇ ಬ್ರೇಕು ಒತ್ತಿಬಿಡುತ್ತಿತ್ತು. ಈ ಕಡೆ ಬಸ್ಸೆಂದರೆ ಹಾಗೆಯೇ. ಸ್ಟಾಪು ಗೀಪು ಎಲ್ಲ ಹೇಳಿಕೊಳ್ಳಲಿಕ್ಕೆ. ಗುರುವಾಯನಕೆರೆಯ ಮಾಸ್ಟ್ರು ಸ್ನಾನ ಮುಗಿಸಿ ಬರುವವರೆಗೆ ಬಸ್ಸು ಅವರ ಬೇಲಿಯ ತಡಮೆಯ ಎದುರು ಹಾರ್ನು ಹಾಕಿಕೊಂಡು ನಿಲ್ಲಬೇಕು. ವೇಣೂರಿನಲ್ಲಿ ಕಾವೇರಮ್ಮ ಗದ್ದೆಯ ಆಚೆಯಿಂದ ಕೂಗಿದರೆ, ಅವರು ಬದು ದಾಟಿ ಬರುವಷ್ಟು ಹೊತ್ತು ಒಳಗಿದ್ದವರೆಲ್ಲ ಬೀಡಿ ಹಚ್ಚಬೇಕು. ನಿಲ್ಲಿಸದೆ ಹೋದವನು ಮರುದಿನ ಆ ದಾರಿಯಲ್ಲಿ ಯಾವ ಮುಖ ಹೊತ್ತು ಬರುವುದು?

ಆದರೆ ಇದು ಬಸ್ಸಲ್ಲ. ಬಸ್ಸನ್ನು ಕೊಟ್ಟು ತಂದ ಹೊಸ ವ್ಯಾನು. ಬಜ್ಪೆಯ ಗುಡ್ಡೆಯಲ್ಲಿ ಡಕೋಟ ವಿಮಾನ ಇಳಿಯಲು ಶುರುವಾದಂದಿನಿಂದ ಶುಕೂರನಿಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. "ನೋಡ್ತಾ ಇರಿ, ಇನ್ನು ಸ್ವಲ್ಪ ವರ್ಷದಲ್ಲಿ ಬೊಂಬಾಯಿಗೆ ಜನ ಮಂಗಳೂರಿಗೆ ಹೋದ ಹಾಗೆ ಹೋಗಿ ಬರ್ತಾರೆ. ವಿಮಾನ ಒಂದಿದ್ದದ್ದು ನಾಲ್ಕಾಗ್ತದೆ. ಅಷ್ಟು ಜನರನ್ನು ಗುಡ್ಡೆ ಹತ್ತಿಸುವವರು ಯಾರು?" ಎಂದು ಸಿಕ್ಕಿದವರಿಗೆಲ್ಲ ಹೇಳುತ್ತಿದ್ದ. ಜನ ನಕ್ಕರು. ಅವನು ಇದ್ದ ಒಂದು ಬಸ್ಸನ್ನೂ ಕೊಟ್ಟುಬಿಟ್ಟ. ಈ ಮೇಲಿನ ಊರುಗಳ ಪ್ರಯಾಣಿಕರನ್ನು ವಿಮಾನಕ್ಕೆ ತಲುಪಿಸುವ ಕೆಲಸವನ್ನು ವಿಮಾನದ ಆಫೀಸಿನವರು ಯಾರಾದರೊಬ್ಬರಿಗೆ ವಹಿಸುವವರಿದ್ದರು. ಮಂಗಳೂರಿನ ದೊಡ್ಡ ಮೋಟಾರು ಕಂಪನಿಯೊಂದು ಆಗಲೇ ಬಾಯಿ ತೆರೆದು ಕುಳಿತಿತ್ತು. ಶುಕೂರನ ಓಟ ಹೇಗೆಂದು ನೋಡಲಿಕ್ಕೆ ಆಫೀಸಿನಿಂದ ಬಂದವರೇ ಈ ರಾಯರು. ಇವತ್ತು ತಡವಾದರೆ ಕೆಲಸವೂ ಇಲ್ಲ, ಬಸ್ಸೂ ಇಲ್ಲ, ಬರೀ ಕೈ.

ಹಿಂದಿನ ಸೀಟಿನಲ್ಲಿ ಚಾರ್ಮಾಡಿ ಕಡೆಯ ಎಸ್ಟೇಟಿನ ಗಂಡ ಹೆಂಡತಿ. ಹೊರಡುವಾಗಲೇ ಅವರಿಂದ ತಡವಾಗಿತ್ತು. ಶುಕೂರ್ ವೇಣೂರಿನಲ್ಲಿ ಕಾವೇರಮ್ಮನ ಕೂಗನ್ನು ಕೇಳಿಸಿಕೊಳ್ಳದ ಹಾಗೆ ಹಾರ್ನು ಒತ್ತಿ ಹಿಡಿದ. ಅಂಗಿ ಬೆನ್ನಿಗೆ ಅಂಟಿತ್ತು. ರಾಯರು ಗಳಿಗೆಗೊಮ್ಮೆ ವಾಚು ನೋಡುತ್ತಿದ್ದರು. ಅವರು ನೋಡಿದಾಗಲೆಲ್ಲ ಇವನು ವೇಗ ಏರಿಸುತ್ತಿದ್ದ.

ಮೂಡಬಿದಿರೆ ಇನ್ನೇನು ಬಂತು ಎನ್ನುವಾಗ ಗುಡ್ಡೆಯ ತಿರುವಿನಲ್ಲಿ ಉಮ್ಮ ನಿಂತಿದ್ದಳು.

ಅವನ ತಾಯಿ ಬೀಯಮ್ಮ. ತಲೆಯ ಮೇಲೆ ಬಿಳಿ ಶಾಲು, ಕಂಕುಳಲ್ಲಿ ಬಟ್ಟೆಯ ಗಂಟು. ಪೇಟೆಯಲ್ಲಿ ಮಗಳು ಝೈನಬ್ ಹೆತ್ತು ಮಲಗಿದ್ದಳಲ್ಲ, ಅವಳಿಗೆ ಬಾಣಂತಿ ಮದ್ದು ಮಾಡಿಕೊಂಡು ಹೊರಟಿದ್ದಳು. ವ್ಯಾನು ಕಂಡದ್ದೇ ಮುಖವೆಲ್ಲ ಅರಳಿತು. ಎಂದಿನ ಹಾಗೆ ಕೈ ಎತ್ತಿದಳು. ಮಗನ ಗಾಡಿ ನಿಲ್ಲುತ್ತದೋ ಇಲ್ಲವೋ ಎಂಬ ಅನುಮಾನ ಆ ಕೈಯಲ್ಲಿ ಎಳ್ಳಷ್ಟೂ ಇರಲಿಲ್ಲ. ಗಂಟನ್ನು ಆಗಲೇ ಮುಂದಕ್ಕೆ ಹಿಡಿದಿದ್ದಳು.

ರಾಯರು ವಾಚು ನೋಡಿದರು.

'ಯಾ ಅಲ್ಲಾ, ಇವತ್ತೊಂದು ದಿನ' ಎಂದುಕೊಂಡು ಶುಕೂರ್ ಕಣ್ಣನ್ನು ರಸ್ತೆಗೆ ನೆಟ್ಟು ವ್ಯಾನನ್ನು ಇನ್ನೂ ಜೋರು ಮಾಡಿದ. ಕನ್ನಡಿಯಲ್ಲಿ ಒಂದು ಕ್ಷಣ ಅವಳ ಕೈ ಕಂಡಿತು, ಇನ್ನೂ ಕೆಳಗೆ ಇಳಿದಿರಲಿಲ್ಲ. ಮತ್ತೆ ಬರೀ ಕೆಂಪು ಧೂಳು.

ಎಡಪದವು, ಕೈಕಂಬ ಎಲ್ಲ ಹೇಗೆ ದಾಟಿತೆಂದು ಅವನಿಗೆ ಗೊತ್ತಾಗಲಿಲ್ಲ. ಬಜ್ಪೆಯ ಗುಡ್ಡೆ ಹತ್ತಿ ನೋಡಿದರೆ ವಿಮಾನ ಬಿಸಿಲಿಗೆ ಸುಮ್ಮನೆ ನಿಂತಿತ್ತು. ಹತ್ತುವವರೆಲ್ಲ ಮಾಡಿನ ಕೆಳಗೆ ಕೂತು ಬೀಸಣಿಗೆ ಬೀಸಿಕೊಳ್ಳುತ್ತಿದ್ದರು.

"ಎಂಥ ಅವಸರ ಮಾರಾಯ್ರೆ?" ಎಂದ ಅಲ್ಲಿನ ಗುಮಾಸ್ತ. "ಯಾರೋ ದೊಡ್ಡ ಧನಿಗಳು ಬರ್ಲಿಕ್ಕುಂಟಂತೆ. ಊಟಕ್ಕೆ ಕೂತಿದ್ದಾರಂತೆ. ಅವರು ಬರದೆ ಇದು ಇಲ್ಲಿಂದ ಹಂದುವುದಿಲ್ಲ."

ಶುಕೂರ್ ವಿಮಾನವನ್ನು ನೋಡಿದ. ಥೂ, ಇದಕ್ಕಾಗಿಯಾ! ಊಟಕ್ಕೆ ಕೂತವನಿಗೆ ವಿಮಾನ ಕಾಯುತ್ತದೆ, ನನಗೆ ನನ್ನ ಉಮ್ಮನಿಗೆ ಅರ್ಧ ನಿಮಿಷ ನಿಲ್ಲಲಿಕ್ಕೆ ಆಗಲಿಲ್ಲ.

ರಾಯರು ಬಂದು ಅವನ ಬೆನ್ನು ತಟ್ಟಿದರು. "ನಿಮಗೇ ಮಾಡಿಸ್ತೇನೆ ಬ್ಯಾರಿಗಳೇ, ಸಂಶಯ ಬೇಡ. ಆ ತಿರುವಿನಲ್ಲಿ ಒಬ್ಬಳು ಮುದುಕಿ ಕೈ ಮಾಡಿದಳಲ್ಲ, ನೀವು ನಿಲ್ಲಿಸ್ತೀರಿ ಅಂತಲೇ ಗ್ರಹಿಸಿದ್ದೆ. ನಿಲ್ಲಿಸಲಿಲ್ಲ. ಇಂಥವರೇ ಬೇಕು ನಮಗೆ. ಗುರ್ತದವಳಾ?"

"ಅಲ್ಲ," ಎಂದ ಶುಕೂರ್. "ಯಾರೋ."

ಹೇಳಿಯಾದ ಮೇಲೆ ನಾಲಗೆಯನ್ನು ಕಚ್ಚಿಕೊಂಡು ಏನು ಪ್ರಯೋಜನ? ರಾಯರು ಆಗಲೇ ಬೇರೆ ಯಾರೊಡನೆಯೋ ಮಾತಾಡುತ್ತಿದ್ದರು.

ಹಿಂದಕ್ಕೆ ಬರುವಾಗ ಮೂಡಬಿದಿರೆಯಲ್ಲಿ ಮೂಸಬ್ಬನ ಚಾದಂಗಡಿಯ ಎದುರು ವ್ಯಾನು ನಿಲ್ಲಿಸಿದ. ತಂಗಿಯ ಮನೆಗೆ ಹೋಗಲು ಕಾಲು ಬರಲಿಲ್ಲ.

"ನಿನ್ನ ಉಮ್ಮ ನಡೆದುಕೊಂಡೇ ಬಂದದ್ದು ಮಾರಾಯ," ಎಂದ ಮೂಸಬ್ಬ ಚಾ ಇಡುತ್ತ. "'ಎಂಥ ಬೀಯಮ್ಮ, ಮಗ ನಿಲ್ಲಿಸ್ಲಿಲ್ವಾ' ಅಂತ ಕೇಳಿದೆ. ಇವರೆಲ್ಲ ಇದ್ದರು ಇಲ್ಲಿ. ಅದಕ್ಕೆ ಬೀಯಮ್ಮ ಹೇಳಿದ್ರು, 'ನಾನು ಹತ್ಲಿಕ್ಕೆ ಕೈ ಮಾಡಿದ್ದಲ್ಲ ಮೂಸಬ್ಬ, ನಿಲ್ಲಿಸ್ಬೇಡ, ಹೋಗು ಹೋಗು ಅಂತ ಮಾಡಿದ್ದು. ಅವ ನಿಲ್ಲಿಸ್ಲಿಕ್ಕೆ ನೋಡಿದ, ನಾನೇ ಬಿಡ್ಲಿಲ್ಲ' ಅಂತ. ಎಂಥ ಉಮ್ಮ ನಿನಗೆ!"

ಬೆಂಚಿನಲ್ಲಿದ್ದವರು ಹೌದು ಹೌದು ಎಂದು ತಲೆಯಾಡಿಸಿದರು. ಶುಕೂರ್ ಚಾ ಮುಟ್ಟದೆ ಎದ್ದ.

ಪೇಟೆ ದಾಟಿ ಸ್ವಲ್ಪ ದೂರದಲ್ಲಿ ಅವಳು ಮನೆಯ ಕಡೆಗೆ ನಡೆಯುತ್ತಿದ್ದಳು. ಹಿಂದೆ ಗಾಡಿಯ ಸದ್ದು ಕೇಳಿ, ತಿರುಗಿ ನೋಡದೆ ಚರಂಡಿಯ ಅಂಚಿಗೆ ಸರಿದು ದಾರಿ ಬಿಟ್ಟಳು. ಶುಕೂರ್ ವ್ಯಾನು ನಿಲ್ಲಿಸಿ ಇಳಿದ.

"ನೀನಾ ಮೋನೆ? ಝೈನಬ್ ಮದ್ದು ತಿಂದಳು. ಮಗು ನಿನ್ನ ಹಾಗೆಯೇ, ಒಂದು ಗಳಿಗೆ ಸುಮ್ಮನಿರುವುದಿಲ್ಲ."

"ಹತ್ತು ಉಮ್ಮ."

ಬೀಯಮ್ಮ ಒಳಗೆ ಇಣುಕಿ ಸೀಟು ನೋಡಿದಳು. ಮತ್ತೆ ಅವನ ಮುಖ ನೋಡಿದಳು. "ಅವರಿಗೆ ವಿಮಾನ ಸಿಕ್ಕಿತಾ?"

ಅದು ಕಾಯುತ್ತಿತ್ತು ಉಮ್ಮ, ನಾವು ಹೋದ ಮೇಲೂ ಎಷ್ಟೋ ಹೊತ್ತು ಅಲ್ಲೇ ನಿಂತಿತ್ತು ಎಂಬ ಮಾತು ಬಾಯಿಯ ತನಕ ಬಂದಿತ್ತು.

"ಸಿಕ್ಕಿತು," ಎಂದ. "ಸ್ವಲ್ಪ ತಡವಾಗಿದ್ರೂ ಸಿಗ್ತಿರ್ಲಿಲ್ಲ."

"ಹಾಗಾದ್ರೆ ಒಳ್ಳೇದಾಯ್ತು," ಎಂದಳು ಅವಳು. ಬಾಗಿಲನ್ನು ಒಂದು ಕೈಯಲ್ಲಿ ಹಿಡಿದು ನಿಂತು, ಮಣ್ಣು ಮೆತ್ತಿದ ಒಂದು ಪಾದವನ್ನು ಶಾಲಿನ ತುದಿಯಿಂದ ಒರೆಸಿಕೊಂಡಳು, ಆಮೇಲೆ ಇನ್ನೊಂದನ್ನು. ಬಿಳಿ ಶಾಲಿನ ತುದಿ ಕೆಂಪಾದ ಮೇಲೆಯೇ ಅವಳು ವ್ಯಾನು ಹತ್ತಿದ್ದು.